ಕಾರ್ಡಿನಲ್ಲಿರುವ ಹೆಂಡತಿ

18 ಜೂನ್ 2024

ಎದೆಯ ಎಡಗಡೆಯ ಗಂಟು ಕ್ಯಾನ್ಸರೇ ಎಂದು ರಿಪೋರ್ಟ್ ಬಂದಿದೆ. ಡಾಕ್ಟರು ಮೊದಲು ಮರಾಠಿಯಲ್ಲಿ ಧೈರ್ಯ ಹೇಳಿದರು, ಆಮೇಲೆ ಇಂಗ್ಲಿಷಿನಲ್ಲಿ ವಿವರ ಹೇಳಿದರು. ಬೇಗ ಗೊತ್ತಾಗಿದೆಯಂತೆ. ಮೊದಲು ಆಪರೇಷನ್, ನಂತರ ಕೀಮೋ, ಅದಾದ ಮೇಲೆ ರೇಡಿಯೇಷನ್. ನಾನು ತಲೆಯಾಡಿಸಿದೆ. ಅವರ ಮೇಜಿನ ಮೇಲೆ ಗಾಜಿನ ಲೋಟಕ್ಕೆ ಸ್ಟೀಲಿನ ಮುಚ್ಚಳ ಹಾಕಿಟ್ಟಿದ್ದರು. ಅದನ್ನೇ ನೋಡುತ್ತಿದ್ದೆ.

"ಇನ್ಶೂರೆನ್ಸ್ ಇದೆ ತಾನೆ?" ಎಂದರು.

ಪರ್ಸಿನಿಂದ ಕಾರ್ಡ್ ತೆಗೆದು ಕೊಟ್ಟೆ. ಮೇಲೆ ಇವರ ಕಂಪನಿಯ ಹೆಸರು, ಅದರ ಕೆಳಗೆ ಮಧುಕರ್, ಅದರ ಕೆಳಗೆ ಶಾಲಿನಿ. ಸಂಬಂಧ: ಪತ್ನಿ. ಡಾಕ್ಟರ ಮುಖ ಸಡಿಲವಾಯಿತು. ಒಳ್ಳೆಯ ಪಾಲಿಸಿ, ಇನ್ನು ಚಿಂತೆ ಮಾಡಬೇಡಿ ಎಂದರು.

ಫೆಬ್ರವರಿಯಲ್ಲಿ ನಾವಿಬ್ಬರೂ ಶಿವಾಜಿನಗರದ ಫ್ಯಾಮಿಲಿ ಕೋರ್ಟಿಗೆ ಹೋಗಿ, ಇಬ್ಬರ ಒಪ್ಪಿಗೆಯ ಮೇಲೆ ವಿಚ್ಛೇದನ ಬೇಕೆಂದು ಅರ್ಜಿ ಹಾಕಿ ಬಂದಿದ್ದೇವೆ. ಅದನ್ನು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಬಸ್ಸು ಹಿಡಿದು ಖಡಕಿಗೆ ಬಂದೆ. ಖರಾಡಿಯಲ್ಲಿ ಇವರ ಜೊತೆಗಿದ್ದ ಮನೆ ಬಿಟ್ಟ ಮೇಲೆ ಇಲ್ಲಿ ಲೀಲಕ್ಕ ಮತ್ತು ಮಹಾಲಿಂಗಣ್ಣನ ಹೋಟೆಲಿನ ಮೇಲಿನ ಕೋಣೆಯೇ ನನ್ನ ಮನೆ, ಕೆಳಗಿನ ಕೌಂಟರೇ ನನ್ನ ಕೆಲಸ. ಸಂಜೆ ಎಂದಿನಂತೆ ಕೂತೆ. ಫ್ಯಾಕ್ಟರಿಯ ಶಿಫ್ಟ್ ಬಿಟ್ಟು ಜನ ಬಂದರು, ತಿಂದರು, ಹೋದರು. ಲೀಲಕ್ಕ ಅಡುಗೆಮನೆಯಿಂದ ಇಣುಕಿ "ರಿಪೋರ್ಟು ಎಂತ ಬಂತು?" ಎಂದು ಕೇಳಿದಾಗ "ನಾಳೆ ಕೊಡ್ತಾರಂತೆ" ಎಂದೆ.

ಏನೂ ಅನಿಸುತ್ತಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಬರೆದರೆ ಏನಾದರೂ ಅನಿಸೀತು.

21 ಜೂನ್

ಇವರಿಗೆ ಫೋನ್ ಮಾಡಿ ಬರಹೇಳಿದ್ದೆ. ಆಫೀಸಿನಿಂದ ನೇರ ಬಂದರು. ನೀಲಿ ಚೌಕಳಿಯ ಶರ್ಟು, ಕೊರಳಲ್ಲಿ ಇನ್ನೂ ಐಡಿ ಕಾರ್ಡು. ಗಡ್ಡ ಬಿಟ್ಟಿದ್ದಾರೆ, ಅಲ್ಲಲ್ಲಿ ಬೆಳ್ಳಗಾಗಿದೆ. ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತೆವು. ಲೀಲಕ್ಕ ಹೇಳದೆಯೇ ಎರಡು ಕಾಫಿ ಕಳಿಸಿದರು.

ಹೇಳಿದೆ.

"ಒಬ್ಳೇ ಹೋಗಿದ್ದಾ?" ಎಂದರು ಮೊದಲು.

"ಹೂಂ. ಎರಡನೇ ಸ್ಟೇಜ್ ಅಂದ್ರು."

ಕೈಯಲ್ಲಿದ್ದ ಬೈಕಿನ ಕೀಯನ್ನು ಮೇಜಿನ ಮೇಲಿಟ್ಟರು, ಮತ್ತೆ ಎತ್ತಿಕೊಂಡರು.

"ಆಗಸ್ಟಲ್ಲಿ ಕೋರ್ಟಿಗೆ ಎರಡನೇ ಸಲ ಹೋಗ್ಬೇಕಲ್ಲ ರೀ. ಅದು ಆಗಿಬಿಟ್ರೆ ನನಗೆ ಕವರ್ ಇರಲ್ಲ. ಟ್ರೀಟ್‌ಮೆಂಟ್ ಮುಗಿಯೋವರೆಗೂ ಮುಂದಕ್ಕೆ ಹಾಕೋಕಾಗುತ್ತಾ?"

ಕೇಳುವಾಗ ನಾಚಿಕೆಯಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಪಕ್ಕದ ಮೇಜಿನವರ ಹತ್ತಿರ ಉಪ್ಪಿನ ಡಬ್ಬಿ ಕೇಳಿದಷ್ಟೇ ಅನಿಸಿತು.

"ಇದೂ ಒಂದು ಕೇಳೋ ವಿಷ್ಯಾನಾ ಶಾಲೂ?" ಎಂದರು. ಅವರ ಕಣ್ಣು ಕೆಂಪಾಗಿತ್ತು. ಆಮೇಲೆ, "ವಿನೀತಾಗೆ ನಾನು ಹೇಳ್ತೀನಿ" ಎಂದರು.

ವಿನೀತಾ ಇವರ ಆಫೀಸಿನವಳು. ನಾನು ಖಡಕಿಗೆ ಬಂದ ಮೇಲೆ ಪರಿಚಯವಾದವಳು. ನಮ್ಮ ಮದುವೆ ಅವಳಿಂದ ಮುರಿದದ್ದಲ್ಲ. ಯಾವುದರಿಂದ ಎಂದು ಕೇಳಿದರೆ ನಮ್ಮಿಬ್ಬರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಜಗಳವಿರಲಿಲ್ಲ. ಮಕ್ಕಳಾಗಲಿಲ್ಲ, ಅದರ ಬಗ್ಗೆ ಮಾತೂ ಆಡಲಿಲ್ಲ. ಮಾತಾಡದ ವಿಷಯಗಳು ಒಂದೊಂದಾಗಿ ಹೆಚ್ಚುತ್ತ ಹೋಗಿ ಕೊನೆಗೆ ಯಾವ ವಿಷಯವೂ ಉಳಿಯಲಿಲ್ಲ.

ಕಾಫಿ ಇಬ್ಬರೂ ಕುಡಿಯಲಿಲ್ಲ.

26 ಜೂನ್

ವಕೀಲರ ಆಫೀಸಿಗೆ ಹೋಗಿದ್ದೆವು. ಪಂಢರಿನಾಥ ಅವರು ಸೊಲ್ಲಾಪುರದವರು, ಕನ್ನಡದವರು ಸಿಕ್ಕರೆ ಅವರಿಗೆ ಖುಷಿ. ಇವತ್ತು ಖುಷಿ ತೋರಿಸಲಿಲ್ಲ.

"ಅರ್ಜಿ ಹಾಕಿದ ಮ್ಯಾಲೆ ಒಂದೂವರೆ ವರ್ಷದ ಒಳಗ ಯಾವಾಗ ಬೇಕಾದ್ರೂ ಬಂದು ಎರಡನೇ ಸಲ ಹೇಳಬಹುದ್ರಿ. ಮುಂದಿನ ಆಗಸ್ಟ್ ತನಕ ಟೈಮ್ ಅದ. ಅಲ್ಲೀತನಕ ಕಾಯ್ದೆ ಪ್ರಕಾರ ನೀವು ಗಂಡ ಹೆಂಡ್ತೀನ. ಇದರಾಗ ಸುಳ್ಳೇನಿಲ್ಲ."

"ಆಗಸ್ಟ್ ದಾಟಿದ್ರೆ?" ಎಂದು ಇವರು ಕೇಳಿದರು.

"ದಾಟಿದ್ರ ಅರ್ಜಿ ಬಿದ್ದು ಹೋಗ್ತದ. ಮತ್ತ ಮೊದಲಿಂದ." ಆಮೇಲೆ ನನ್ನ ಕಡೆ ತಿರುಗಿ, "ಮೊದಲ ನೀವು ಆರಾಮ ಆಗ್ರಿ ತಂಗಿ" ಎಂದರು.

ಹೊರಗೆ ಮಳೆ. ಹೆಲ್ಮೆಟ್ ನನಗೆ ಕೊಟ್ಟು ಇವರು ನೆನೆದುಕೊಂಡೇ ಖಡಕಿಯವರೆಗೆ ಬಿಟ್ಟು ಹೋದರು.

13 ಜುಲೈ

ಆಪರೇಷನ್ ಆಯಿತು. ನಿನ್ನೆ ಮನೆಗೆ ಬಂದೆ.

ಸೇರಿಸಿಕೊಳ್ಳುವಾಗ ಇನ್ಶೂರೆನ್ಸ್ ಕೌಂಟರಿನಲ್ಲಿ ಇವರೇ ನಿಂತಿದ್ದರು. ರೋಗಿಗೆ ಏನಾಗಬೇಕು ಎಂದು ಕೇಳಿದ ಹುಡುಗಿಗೆ "ಹಸ್ಬೆಂಡ್" ಎಂದರು. ಸ್ವಲ್ಪವೂ ತಡವರಿಸಲಿಲ್ಲ. ನಾನು ವೀಲ್‌ಚೇರಿನಲ್ಲಿ ಕೂತು ಕೇಳಿಸಿಕೊಂಡೆ. ಬೇರೆ ಯಾರದೋ ಮನೆಯ ಮಾತಿನಂತೆ ಕೇಳಿಸಿತು.

ವಾರ್ಡಿನಲ್ಲಿ ನರ್ಸು ಗಳಿಗೆಗೊಮ್ಮೆ "ಪೇಶಂಟ್‌ಚೇ ಮಿಸ್ಟರ್ ಕುಠೇ ಆಹೇತ?" ಎನ್ನುವುದು, ಮಿಸ್ಟರ್ ಎಲ್ಲಿದ್ದಾರೆ ಎಂದು. ಈ ಊರಿನಲ್ಲಿ ಗಂಡನಿಗೆ ಮಿಸ್ಟರ್ ಎನ್ನುತ್ತಾರೆ. ಮಿಸ್ಟರ್ ಅಲ್ಲೇ ಇದ್ದರು. ಔಷಧಿ ತಂದರು, ಸೂಪು ತಂದರು, ಎರಡು ರಾತ್ರಿ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದರು. ಒಂದು ಕಾಲಿನ ಸಾಕ್ಸ್ ಹೆಬ್ಬೆರಳಿನ ಹತ್ತಿರ ತೂತಾಗಿತ್ತು. ಮೊದಲಾಗಿದ್ದರೆ ಹೊಲಿಯುತ್ತಿದ್ದೆ ಎಂದುಕೊಂಡೆ. ಆಮೇಲೆ ಯಾವತ್ತೂ ಹೊಲಿದವಳಲ್ಲ ಎಂದು ನೆನಪಾಯಿತು.

ಬಿಲ್ಲು ನಾನು ಕಣ್ಣಿನಿಂದಲೂ ನೋಡಲಿಲ್ಲ. ಎಲ್ಲ ಕವರ್ ಆಯಿತಂತೆ.

ಎಡಗಡೆಯ ಬ್ಯಾಂಡೇಜು ನೋಡಿದೆ. ನೋವಿದೆ. ನನಗೇ ಆದ ನೋವು ಎನಿಸುವುದಿಲ್ಲ.

8 ಆಗಸ್ಟ್

ಮೊದಲ ಕೀಮೋ ನಿನ್ನೆ. ವಾಂತಿ.

20 ಆಗಸ್ಟ್

ಕೂದಲು ಕೈಗೇ ಬರತೊಡಗಿತು. ಮಧ್ಯಾಹ್ನ ಲೀಲಕ್ಕ ಟೆರೇಸಿನ ಮೇಲೆ ಕೂರಿಸಿ ಪೂರ್ತಿ ತೆಗೆದರು. ತೆಗೆಯುವಾಗ ಅವರು ಅಳುತ್ತಿದ್ದರು. "ನೀನು ಅಳು ಮಾರಾಯ್ತಿ, ನಾನು ಎಂತಕ್ಕೆ ಅಳುವುದು" ಎಂದು ನನಗೇ ಗದರಿದರು. ನಾನು ಕೂದಲು ಗುಡಿಸಿ ಕವರಿಗೆ ತುಂಬಿದೆ.

ಸಂಜೆ ನಂಜನಗೂಡಿನಿಂದ ಅಪ್ಪ ಫೋನ್ ಮಾಡಿದ್ದರು. ಅಣ್ಣನ ಮನೆಯಲ್ಲಿದ್ದಾರೆ. ಕಾಯಿಲೆಯ ವಿಷಯ ಅವರಿಗೆ ಗೊತ್ತು, ಕೋರ್ಟಿನ ವಿಷಯ ಗೊತ್ತಿಲ್ಲ. ನಾನಿನ್ನೂ ಖರಾಡಿಯಲ್ಲೇ ಇದ್ದೇನೆ ಎಂದುಕೊಂಡಿದ್ದಾರೆ.

"ಅಳಿಯಂದಿರು ಜೊತೇಲಿದ್ದಾರಲ್ಲ ಮಗಳೇ, ನಂಗೆ ಅದೊಂದು ನೆಮ್ಮದಿ" ಎಂದರು.

"ಹೂಂ ಅಪ್ಪಾ" ಎಂದೆ.

19 ಸೆಪ್ಟೆಂಬರ್

ನಿನ್ನೆ ಮೂರನೇ ಡೋಸು. ಗಣಪತಿ ವಿಸರ್ಜನೆಯ ಮರುದಿನವಾದ್ದರಿಂದ ರಸ್ತೆಯ ತುಂಬ ಗುಲಾಲು, ಒಂಟಿ ಚಪ್ಪಲಿಗಳು. ಮಧುಕರ್ ಯಾರದೋ ಕಾರು ಕೇಳಿ ತಂದಿದ್ದರು. ಬೈಕಿನಲ್ಲಿ ನನಗೆ ತಲೆ ಸುತ್ತುತ್ತದೆಂದು.

ಪಕ್ಕದ ಹಾಸಿಗೆಯಲ್ಲಿ ಇಂದಾಪುರದ ಹೆಂಗಸು. ಎಸ್‌ಟಿ ಬಸ್ಸಿನಲ್ಲಿ ಬೆಳಗಿನ ಜಾವ ಹೊರಟು ಬರುತ್ತಾಳೆ, ಒಬ್ಬಳೇ. ಮಧುಕರ್ ನನ್ನ ಕಾಲಿನ ಮೇಲೆ ಶಾಲು ಹೊದಿಸುವುದನ್ನು ನೋಡಿ, ನಿನ್ನ ಮಿಸ್ಟರ್ ಬಹಳ ಒಳ್ಳೆಯವರು, ನೀನು ಪುಣ್ಯವಂತೆ ಎಂದಳು. ಮಧುಕರ್ ಕಿಟಕಿಯ ಕಡೆ ನೋಡಿದರು. ನಾನು ಅವಳಿಗೆ ಹೌದೆಂದೆ. ಸುಳ್ಳು ಹೇಳಿದೆನೆ? ಒಳ್ಳೆಯವರು ಎನ್ನುವುದು ಸುಳ್ಳಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಒಂದೂ ಮಾತಿಲ್ಲ. ಮದುವೆಯ ಒಂಬತ್ತು ವರ್ಷವೂ ಹೀಗೇ, ಒಂದೇ ಕಾರಿನಲ್ಲಿ ಮಾತಿಲ್ಲದೆ ಕೂತವರಂತೆ ಇದ್ದೆವು.

6 ಅಕ್ಟೋಬರ್

ವಿನೀತಾ ಬಂದಿದ್ದಳು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಲೀಲಕ್ಕ "ನಿನ್ನ ಫ್ರೆಂಡ್ ಬಂದಿದ್ದಾರೆ" ಎಂದು ಮೇಲೆ ಕಳಿಸಿದರು.

ಅವಳನ್ನು ಎದುರಿಗೆ ನೋಡಿದ್ದು ಇದೇ ಮೊದಲು. ಬೆಂಗಳೂರಿನವಳು, ಮೂವತ್ತೈದು ದಾಟಿರಬೇಕು. ಕುರ್ಚಿಯ ತುದಿಯಲ್ಲಿ ಕೂತು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನನ್ನ ತಲೆಯ ಮೇಲೆ ಸ್ಕಾರ್ಫ್ ಇರಲಿಲ್ಲ. ಕಟ್ಟಿಕೊಳ್ಳಲು ಏಳಲಿಲ್ಲ.

"ಫೋನ್ ಮಾಡಿ ಬರ್ಬೇಕಿತ್ತು, ಸಾರಿ. ನಾನು ಬಂದಿರೋದು ಮಧುಕರ್‌ಗೆ ಗೊತ್ತಿಲ್ಲ."

"ಪರವಾಗಿಲ್ಲ. ಹೇಳಿ."

"ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ಟ್ರೀಟ್‌ಮೆಂಟ್ ಆಗ್ಲೇಬೇಕು, ಅದರಲ್ಲಿ ಬೇರೆ ಮಾತೇ ಇಲ್ಲ. ಬಟ್... ಮನೇಲಿ ಡಿವೋರ್ಸ್ ಆಗೇಬಿಡ್ತು ಅಂತ ಹೇಳ್ಬಿಟ್ಟಿದ್ದೆ. ಈಗ ಅಪ್ಪ ಅವರನ್ನ ಕರ್ಕೊಂಡು ಬಾ ಅಂತಾರೆ. ಏನಂತ ಕರ್ಕೊಂಡು ಹೋಗ್ಲಿ? ಆಫೀಸಲ್ಲೂ ಎಲ್ಲರಿಗೂ ಗೊತ್ತು, ಹೆಂಡ್ತಿಗೆ ಕ್ಯಾನ್ಸರ್ ಅಂತ. ನನ್ನನ್ನ ಒಂಥರಾ ನೋಡ್ತಾರೆ. ಹುಷಾರಿಲ್ಲದ ಹೆಂಗಸಿನ ಗಂಡನ ಜೊತೆ ಓಡಾಡ್ತಾಳೆ ಅಂತ."

ನಾನು ಹೊದಿಕೆಯನ್ನು ಮಡಚಿ ಪಕ್ಕಕ್ಕಿಟ್ಟೆ.

"ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬಂದ ದಿನ ಅವರು ನನ್ನ ಹತ್ರ ಮಾತೇ ಆಡಲ್ಲ. ಎರಡು ಮೂರು ದಿನ." ಬ್ಯಾಗಿನ ಜಿಪ್ಪನ್ನು ಎಳೆಯುತ್ತ ಬಿಡುತ್ತ ಇದ್ದಳು. "ನಂಗೆ ಒಂದು ಡೇಟ್ ಹೇಳಿ ಅಷ್ಟೇ. ಡೇಟ್ ಇದ್ರೆ ಕಾಯ್ತೀನಿ. ಇಲ್ಲದಿದ್ರೆ ಹುಚ್ಚು ಹಿಡಿಯುತ್ತೆ."

"ಆಗಸ್ಟ್ ಒಳಗೆ" ಎಂದೆ. "ಅಷ್ಟರಲ್ಲಿ ಎಲ್ಲ ಮುಗಿಯುತ್ತೆ."

"ಖಂಡಿತಾನಾ?"

"ಖಂಡಿತ."

ಅವಳು ಅತ್ತಳು. ನಾನು ಟವೆಲ್ ಕೊಟ್ಟೆ. ನನ್ನ ವಿಷಯಕ್ಕೆ ಎಲ್ಲರೂ ಅಳುತ್ತಾರೆ.

ಅವಳು ಹೋದ ಮೇಲೆ ಲೀಲಕ್ಕ ಮೆಟ್ಟಿಲ ಹತ್ತಿರ ಹಿಡಿದರು. "ಯಾರದು? ಕಣ್ಣೆಲ್ಲ ಕೆಂಪು ಮಾಡ್ಕೊಂಡು ಹೋದಳಲ್ಲ."

"ಮಧುಕರ್ ಮದುವೆಯಾಗೋ ಹುಡುಗಿ."

ಲೀಲಕ್ಕ ಮೆಟ್ಟಿಲಿನ ಮೇಲೇ ಕೂತುಬಿಟ್ಟರು. ನಾವು ಬೇರೆ ಇದ್ದೇವೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಕಾಯಿಲೆಯ ನೆಪದಲ್ಲಾದರೂ ಒಂದಾಗುತ್ತಾರೆಂದು ಕಾದಿದ್ದರು. ಕೋರ್ಟು, ಕಾರ್ಡು, ಆಗಸ್ಟು ಎಲ್ಲವನ್ನೂ ಹೇಳಿದೆ. ಕೇಳಿ ಮುಗಿಸಿ, "ಅವಳಿಗೆ ಕುಡಿಯಲಿಕ್ಕೆ ಎಂತಾದರೂ ಕೊಟ್ಟೆಯಾ?" ಎಂದರು.

"ಇಲ್ಲ."

"ಕೊಡಬೇಕಿತ್ತು ಮಾರಾಯ್ತಿ. ಅದರದ್ದೂ ಪಾಪ ಎಂತ ಅವಸ್ಥೆ."

7 ಅಕ್ಟೋಬರ್

ಕೊಡಬೇಕಿತ್ತು.

12 ಡಿಸೆಂಬರ್

ತುಂಬ ದಿನ ಬರೆದಿಲ್ಲ. ಈಗ ಬೇರೆ ಔಷಧಿ, ವಾರಕ್ಕೊಂದು ಡೋಸು. ಬೆರಳ ತುದಿಗಳಲ್ಲಿ ಸ್ಪರ್ಶ ಹೋಗಿದೆ. ಕುಪ್ಪಸದ ಹುಕ್ಕು ಹಾಕಲು ಆಗುವುದಿಲ್ಲ. ಕೌಂಟರಿನಲ್ಲಿ ಎರಡು ನೋಟು ಅಂಟಿಕೊಂಡಿದ್ದರೆ ಗೊತ್ತಾಗುವುದಿಲ್ಲ. ಮಹಾಲಿಂಗಣ್ಣ ಏನೂ ಹೇಳದೆ ಕ್ಯೂಆರ್ ಹಲಗೆಯನ್ನು ನನ್ನ ಮುಂದೆ ಸರಿಸಿ, ನೋಟಿನ ಗಿರಾಕಿಗಳನ್ನು ತಾವೇ ನೋಡಿಕೊಳ್ಳುತ್ತಿದ್ದಾರೆ. ಇದು ನಿಧಾನವಾಗಿ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ವಾರವಾರವೂ ರಜೆ ಹಾಕಬೇಡಿ, ನಾನೇ ಹೋಗುತ್ತೇನೆ ಎಂದು ಮಧುಕರ್‌ಗೆ ಹೇಳಿದೆ. ಒಪ್ಪಲಿಲ್ಲ. ಎರಡು ಸಲ ಹೇಳದೆ ಹೋಗಿಬಂದೆ. ಇಂದಾಪುರದ ಹೆಂಗಸಿನ ಪಕ್ಕದ ಹಾಸಿಗೆ ಹಿಡಿದೆ. ಅವಳ ಹೆಸರು ಅಭಿಲಾಷಾ. ಹೊಲದ ಕಬ್ಬು ಕಡಿಸುವ ಹೊತ್ತಿಗೆ ಇದು ಬಂತಲ್ಲ ಎಂದು ಕ್ಯಾನ್ಸರನ್ನು ಕೆಟ್ಟ ಕೆಟ್ಟ ಮರಾಠಿಯಲ್ಲಿ ಬೈಯುತ್ತಾಳೆ. ಅವಳು ಬೈದ ರೀತಿಗೆ ನಗು ಬಂತು. ಸೂಜಿ ಅಲುಗಿ ನರ್ಸು ನನಗೂ ಬೈದಳು.

20 ಫೆಬ್ರವರಿ 2025

ರೇಡಿಯೇಷನ್ ಮುಗಿಯಿತು. ಕೊನೆಯ ದಿನ ಮಧುಕರ್ ಬಂದಿದ್ದ, ಮೈಸೂರು ಪಾಕಿನ ಡಬ್ಬಿ ಹಿಡಿದು. ಸಿಬ್ಬಂದಿಗೆಲ್ಲ ಹಂಚಿದ. ಚರ್ಮ ಸುಟ್ಟು ಕಪ್ಪಾಗಿದೆ, ಉರಿ.

ಲೀಲಕ್ಕನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಹೇಳಿದೆ. "ಇಷ್ಟು ದಿನ ಮಣ್ಣು ಹಾಕಿದ್ದರೂ ತಿಂತಿದ್ದೆ, ಈಗ ಉಪ್ಪು ಜಾಸ್ತಿಯಾ ನಿಂಗೆ?" ಎಂದರು.

30 ಮಾರ್ಚ್

ಯುಗಾದಿ. ಎದುರು ಮನೆಗಳ ಬಾಲ್ಕನಿಗಳಲ್ಲೆಲ್ಲ ಗುಡಿ ಕಟ್ಟಿದ್ದಾರೆ, ಕೋಲಿಗೆ ರೇಷ್ಮೆ ಬಟ್ಟೆ ಸುತ್ತಿ ಮೇಲೆ ತಂಬಿಗೆ ಕವುಚಿ. ಹೋಟೆಲಿನಲ್ಲಿ ಹೋಳಿಗೆ ಊಟವಿತ್ತು, ಕಾಲಿಡಲು ಜಾಗವಿರಲಿಲ್ಲ. ಎಲ್ಲ ಮುಗಿದ ಮೇಲೆ ಮಧುಕರ್ ಬಂದ. ಮೇಲೆ ಬಂದು ಹಾಸಿಗೆಯ ತುದಿಯಲ್ಲಿ ಕೂತ.

"ಅರ್ಜಿ ವಾಪಸ್ ತಗೋಳೋಣ್ವಾ ಶಾಲೂ?"

ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟೆ. "ಯಾಕೆ?"

"ನಿಂಗೆ ಕವರ್ ಬೇಕಲ್ಲ. ಇನ್ನೂ ವರ್ಷಗಟ್ಟಲೆ ಚೆಕಪ್ ಇದೆ. ಮತ್ತೆ ಬಂದ್ರೆ? ನಾನು ನಾಲ್ಕು ಕಡೆ ವಿಚಾರಿಸ್ದೆ. ಈ ಕಾಯಿಲೆ ಆದವರಿಗೆ ಹೊಸ ಪಾಲಿಸಿ ಯಾರೂ ಸುಲಭವಾಗಿ ಕೊಡಲ್ಲ. ನನ್ನ ಕಂಪನೀದು ಹಾಗಲ್ಲ, ಹೆಂಡ್ತಿ ಅಂದ್ರೆ ಮುಗೀತು, ಏನೂ ಕೇಳಲ್ಲ."

"ವಿನೀತಾ?"

"ಅವಳ ಹತ್ರ ಮಾತಾಡಿದೀನಿ."

"ಏನಂದ್ಲು?"

"ಏನೂ ಅನ್ಲಿಲ್ಲ."

ಏನೂ ಅನ್ನದೆ ಕೂತ ವಿನೀತಾಳನ್ನು ನಾನು ಕಲ್ಪಿಸಿಕೊಳ್ಳಬಲ್ಲೆ. ಬ್ಯಾಗಿನ ಜಿಪ್ಪು ಎಳೆಯುತ್ತ.

"ನಾನು ಖರಾಡಿಗೆ ವಾಪಸ್ ಬರ್ಬೇಕಾ ಹಾಗಾದ್ರೆ?"

"ನಿನ್ನಿಷ್ಟ. ಇಲ್ಲೇ ಇದ್ರೂ ಸರಿ. ಪೇಪರಲ್ಲಿ ಇದ್ರೆ ಸಾಕು."

"ನಿಮಗೆ ನಾನು ಬೇಕಾ?"

ಮಡಚಿಟ್ಟ ಬಟ್ಟೆಯ ಅಂಚನ್ನು ಸರಿಮಾಡಿದ. ಆ ಪ್ರಶ್ನೆಯನ್ನು ನಾನು ಹಿಂದೆ ಕೇಳಿದ್ದೆನೋ ಇಲ್ಲವೋ. ಕೇಳಿರಲಿಕ್ಕಿಲ್ಲ.

"ನಿನಗೇನಾದ್ರೂ ಆದ್ರೆ ನನ್ನ ಕೈಲಿ ತಡ್ಕೊಳೋಕಾಗಲ್ಲ" ಎಂದ.

"ಅದು ಬೇರೆ ರೀ."

"ಬೇರೆ ಅಂತ ನಂಗೂ ಗೊತ್ತು."

ಯೋಚಿಸಿ ಹೇಳುತ್ತೇನೆಂದೆ. ಹೋಗುವಾಗ ಅವನಿಗೆ ಹೋಳಿಗೆ ಕಟ್ಟಿಕೊಟ್ಟೆ, ಇಬ್ಬರಿಗಾಗುವಷ್ಟು.

4 ಏಪ್ರಿಲ್

ಯೋಚಿಸಲು ಕೂತರೆ ಯೋಚನೆಗಳು ಬರುವುದಿಲ್ಲ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಯಾರನ್ನು ಕೇಳಿದರೂ ಒಪ್ಪಿಕೋ ಎನ್ನುತ್ತಾರೆ. ಅಣ್ಣನಿಗೆ ಗೊತ್ತಾದರೆ ಒಪ್ಪಿಕೋ ಎಂದು ಕಾಲಿಗೂ ಬಿದ್ದಾನು.

ಲೀಲಕ್ಕನನ್ನು ಕೇಳಿದೆ. ಅವರು ಕಡಲೆಬೇಳೆ ಆರಿಸುತ್ತಿದ್ದರು. "ನಾನು ಎಂತ ಹೇಳುವುದು? ಆಸ್ಪತ್ರೆ ಖರ್ಚು ನೋಡಿದರೆ ಇರು ಅಂತ ಹೇಳ್ಬೇಕು. ನಿನ್ನ ಮುಖ ನೋಡಿದರೆ ಬೇಡ ಅಂತ ಕಾಣ್ತದೆ."

"ಮುಖದಲ್ಲಿ ಏನಿದೆ?"

"ಅದು ನಂಗೆ ಹೇಳ್ಲಿಕ್ಕೆ ಬರುವುದಿಲ್ಲ."

ಮಹಾಲಿಂಗಣ್ಣ ಹೋಟೆಲಿನವರ ಸಂಘದ ಪಾಲಿಸಿಯ ವಿಷಯ ಹೇಳಿದರು. ಕೆಲಸದವರನ್ನೆಲ್ಲ ಸೇರಿಸಬಹುದು, ನನ್ನನ್ನೂ. ಸಣ್ಣದು. ಹಳೆಯ ಕಾಯಿಲೆಗೆ ಎರಡು ವರ್ಷ ಏನೂ ಸಿಗುವುದಿಲ್ಲ. ಎರಡು ವರ್ಷ ಸುಮ್ಮನಿರು ಎಂದು ಕಾಯಿಲೆಗೆ ಹೇಳಲು ಬರುವುದಿಲ್ಲ, ಆದರೂ ಸೇರಿಸಿ ಎಂದೆ.

5 ಏಪ್ರಿಲ್

ಮಧುಕರನಿಗೆ ಫೋನ್ ಮಾಡಿ ಬೇಡ ಎಂದೆ. ಜುಲೈನಲ್ಲಿ ಕೋರ್ಟಿಗೆ ಹೋಗೋಣ ಎಂದೆ. ಅವನು ಯಾಕೆ ಎಂದು ಕೇಳಿದ. ನನಗೆ ಒಂಬತ್ತು ವರ್ಷದ ಆ ಕಾರು ನೆನಪಾಯಿತು, ಆದರೆ ಫೋನಿನಲ್ಲಿ ಅದನ್ನು ಹೇಗೆ ಹೇಳುವುದು? "ವಿನೀತಾಗೆ ಮಾತು ಕೊಟ್ಟಿದೀನಿ" ಎಂದೆ. ಅವಳು ಬಂದಿದ್ದು ಅವನಿಗೆ ಆಗಲೇ ಗೊತ್ತಾದದ್ದು.

16 ಜುಲೈ

ಆಯಿತು.

ನ್ಯಾಯಾಧೀಶರು ಹೆಂಗಸು. ನನ್ನ ಮೋಟು ಕೂದಲನ್ನು ನೋಡಿದರು, ಫೈಲನ್ನು ನೋಡಿದರು. "ಕುಣಾಚಾ ದಬಾವ ನಾಹೀ ನಾ?" ಎಂದು ಮೆಲ್ಲಗೆ ಕೇಳಿದರು, ಯಾರ ಒತ್ತಾಯವೂ ಇಲ್ಲ ತಾನೆ ಎಂದು. ಇಲ್ಲ ಎಂದೆ. ಮಧುಕರನನ್ನು ಕೇಳಿದಾಗ ಅವನು ಉತ್ತರಿಸಲಿಲ್ಲ. ಮತ್ತೊಮ್ಮೆ ಕೇಳಿದರು. ಪಂಢರಿನಾಥ ಅವರು ಕೆಮ್ಮಿದರು. ಆಮೇಲೆ ಇಲ್ಲ ಎಂದ.

ಹೊರಗೆ ಬಂದ ಮೇಲೆ ಪಂಢರಿನಾಥ ಅವರು "ಛೊಲೋ ಮಂದಿ ನೀವಿಬ್ಬರೂ. ಹಿಂಗ ಯಾರೂ ಬರಂಗಿಲ್ರಿ ಇಲ್ಲಿ" ಎಂದರು.

"ಡ್ರಾಪ್ ಮಾಡ್ಲಾ?" ಎಂದು ಮಧುಕರ ಕೇಳಿದ. ಬೇಡವೆಂದೆ. ಕಾರ್ಡಿನಿಂದ ಹೆಸರು ತೆಗೆಸಬೇಕಲ್ಲ ಎಂದು ನೆನಪಿಸಿದೆ. ತೆಗೆಸುತ್ತೇನೆ ಎಂದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮುಳಾ ನದಿಯಲ್ಲಿ ನೀರು ಕೆಂಪಗೆ ತುಂಬಿತ್ತು. ಖಡಕಿ ಬರುವುದು ಗೊತ್ತಾಗದೆ ಒಂದು ಸ್ಟಾಪು ಮುಂದೆ ಹೋಗಿ ನಡೆದು ಬಂದೆ.

9 ಸೆಪ್ಟೆಂಬರ್

ಚೆಕಪ್‌ಗೆ ಹೋಗಿದ್ದೆ. ಡಾಕ್ಟರ ಕೈ ಹಳೆಯ ಗಾಯದ ಹತ್ತಿರ ನಿಂತಿತು. ಮತ್ತೆ ಒತ್ತಿದರು. ಏನೋ ಗಟ್ಟಿಯಾಗಿದೆಯಂತೆ, ಸಣ್ಣದು. ಏನೂ ಇರಲಿಕ್ಕಿಲ್ಲ, ಆದರೂ ಬಯಾಪ್ಸಿ ಮಾಡಿಬಿಡೋಣ, ಗುರುವಾರ ಬನ್ನಿ, ಸಂಜೆಗೆ ಮನೆಗೆ ಹೋಗಬಹುದು ಎಂದರು.

11 ಸೆಪ್ಟೆಂಬರ್

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಲೀಲಕ್ಕ ಜೊತೆಗೆ ಬಂದರು. ಮಹಾಲಿಂಗಣ್ಣ ಒಬ್ಬರೇ ಕೌಂಟರೂ ಅಡುಗೆಮನೆಯೂ ನೋಡಿಕೊಂಡರು. ಆಸ್ಪತ್ರೆಯ ಕೌಂಟರಿನಲ್ಲಿ ಹುಡುಗಿ ನನ್ನ ಹೆಸರು ಒತ್ತಿ, "ಪಾಲಿಸಿ ಚಾಲೂ ಆಹೇ ಮ್ಯಾಡಂ" ಎಂದಳು, ಕ್ಯಾಶ್‌ಲೆಸ್ ಮಾಡುತ್ತೇನೆ, ನೀವು ಹಣ ಕಟ್ಟಬೇಕಿಲ್ಲ ಎಂದು. ನಾನು ಇಲ್ಲ, ಅದು ಹಳೆಯದು ಎಂದೆ. ಅವಳು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಮಧುಕರ್. ಅದರ ಕೆಳಗೆ ಶಾಲಿನಿ. ಪತ್ನಿ. ಮುಂದಿನ ಮಾರ್ಚ್‌ವರೆಗೆ.

ಲೀಲಕ್ಕ ನನ್ನ ಮೊಣಕೈ ಹಿಡಿದರು.

ಹೂಂ ಎಂದರೆ ಮುಗಿಯುತ್ತಿತ್ತು. ಹೂಂ ಎಂಬ ಮಾತು ಬಾಯಿಯವರೆಗೂ ಬಂದಿತ್ತು. ಒಂದು ನಿಮಿಷ ಎಂದು ಹೇಳಿ ಬಾಗಿಲ ಹತ್ತಿರ ಹೋಗಿ ಮಧುಕರನಿಗೆ ಫೋನ್ ಮಾಡಿದೆ.

"ನನ್ನ ಹೆಸರು ಇನ್ನೂ ಇದೆಯಂತಲ್ಲ ಅಲ್ಲಿ."

"ಇರ್ಲಿ ಅಂತ ಬಿಟ್ಟಿದೀನಿ ಶಾಲೂ. ನಾನಾಗೇ ಹೇಳದೆ ಇದ್ರೆ ಯಾರಿಗೂ ಗೊತ್ತಾಗಲ್ಲ. ಯಾಕೆ, ಆಸ್ಪತ್ರೇಲಿದೀಯಾ? ಏನಾಯ್ತು?"

"ಬಯಾಪ್ಸಿ."

"ಅಯ್ಯೋ. ಮಾಡಿಸ್ಕೋ ಮೊದ್ಲು. ನಾನು ಬರ್ತೀನಿ ಈಗ್ಲೇ."

"ಬರ್ಬೇಡ. ಹೆಸರು ತೆಗಿ."

"ಶಾಲೂ, ಈಗ ಇದೆಲ್ಲ..."

"ಡಿಸೆಂಬರಲ್ಲಿ ವಿನೀತಾ ಜೊತೆ ಮದುವೆ ಅಂತ ಹೋದ ತಿಂಗಳು ನೀನೇ ಹೇಳಿದೆ. ಅವಳನ್ನ ಎಲ್ಲಿ ಹಾಕ್ತೀಯ?"

"ಅವಳಿಗೆ ಅವಳದೇ ಕವರ್ ಇದೆ. ಅವಳಿಗೆ ಇದು ಬೇಕಾಗಿಲ್ಲ."

"ಬೇಕಾಗಿಲ್ಲ ಅಂತ ಹೆಂಡ್ತಿ ಜಾಗದಲ್ಲಿ ನನ್ನ ಇಟ್ಕೋತೀಯಾ? ಅವಳಿಗೆ ಗೊತ್ತಾ ಇದು?"

ಅವನು ಸುಮ್ಮನಾದ. ಆ ಸುಮ್ಮನಿರುವಿಕೆ ಕೇಳಿ ನನಗೆ ತಲೆ ಕೆಟ್ಟುಹೋಯಿತು. ಕೂಗಿದೆ. ಆಸ್ಪತ್ರೆಯ ಬಾಗಿಲಲ್ಲಿ, ಜನರ ನಡುವೆ, ಕನ್ನಡದಲ್ಲಿ.

"ಬಾಯಿಬಿಟ್ಟು ಮಾತಾಡೋ! ಯಾವಾಗಲೂ ಹೀಗೇ ಮಾಡ್ತೀಯ ನೀನು. ಅವಳಿಗೂ ಇದನ್ನೇ ಮಾಡ್ಬೇಡ. ನನಗೇನಾದ್ರೂ ಆದ್ರೆ ತಡ್ಕೊಳೋಕಾಗಲ್ಲ ಅಂದೆಯಲ್ಲ, ತಡ್ಕೋ. ನಾನೂ ತಡ್ಕೋತೀನಿ. ಇವತ್ತೇ ತೆಗೆಸು."

ವಾಚ್‌ಮನ್ ಹತ್ತಿರ ಬಂದು ನಿಂತಿದ್ದ. ಫೋನಿನಲ್ಲಿ ಮಧುಕರ ಅಳುತ್ತಿದ್ದ. ಸರಿ ಎಂದ. ಆಮೇಲೆ, "ರಿಪೋರ್ಟ್ ಬಂದಾಗ ಮೆಸೇಜ್ ಆದ್ರೂ ಮಾಡ್ತೀಯಾ?" ಎಂದ. ಮಾಡುತ್ತೇನೆಂದೆ.

ಕೌಂಟರಿಗೆ ಹೋಗಿ ನಾನೇ ಕಟ್ಟುತ್ತೇನೆ ಎಂದೆ. ಹುಡುಗಿ ಎರಡು ಸಲ ಕೇಳಿದಳು. ಜೊತೆಗೆ ಯಾರಿದ್ದಾರೆ ಎಂದಾಗ ಲೀಲಕ್ಕ ಮುಂದೆ ಬಂದು ತಮ್ಮ ಹೆಸರು ಬರೆಸಿದರು. ಸಂಬಂಧ ಏನು ಎಂದಳು. "ಅಕ್ಕ ಅಂತ ಬರಿ" ಎಂದರು, ಮರಾಠಿಯಲ್ಲಿ, ಜೋರಾಗಿ.

ನೀಲಿ ಗೌನು ಹಾಕಿಕೊಂಡು ಒಳಗೆ ಕರೆಯುವುದನ್ನು ಕಾಯುತ್ತ ಕೂತಾಗ ಕಾಲು ನಡುಗತೊಡಗಿತು. ನಿಲ್ಲಿಸಲು ಆಗಲಿಲ್ಲ. ಹಲ್ಲು ಕೂಡ ಕಟಕಟ ಎನ್ನುತ್ತಿತ್ತು. ಎಸಿ ಜಾಸ್ತಿಯಾಯಿತೇನೋ ಎಂದು ಲೀಲಕ್ಕ ತಮ್ಮ ಸೆರಗು ಹೊದಿಸಿದರು.

"ಲೀಲಕ್ಕ, ನಂಗೆ ಹೆದರಿಕೆ ಆಗ್ತಿದೆ" ಎಂದೆ.

ಅವರು ನನ್ನ ಮುಖ ನೋಡಿದರು. "ಆಗ್ಲಿ" ಎಂದರು. "ಆಗ್ಲಿ ಮಾರಾಯ್ತಿ. ನಾನು ಇಲ್ಲೇ ಉಂಟು."

17 ಸೆಪ್ಟೆಂಬರ್

ಏನೂ ಇಲ್ಲ. ಹಳೆಯ ಗಾಯದ್ದೇ ಗಂಟಂತೆ. ಡಾಕ್ಟರಿಗೆ ಇನ್ನೊಮ್ಮೆ ಹೇಳಿ ಎಂದೆ, ಅವರು ನಗುತ್ತ ಇನ್ನೊಮ್ಮೆ ಹೇಳಿದರು. ಮುಂದಿನ ಚೆಕಪ್ ಮಾರ್ಚಿನಲ್ಲಿ.

ಮಧುಕರನಿಗೆ ಎರಡು ಪದದ ಮೆಸೇಜ್ ಮಾಡಿದೆ. ಹೆಸರು ತೆಗೆಸಿದ್ದೇನೆ ಎಂದು ಅವನೂ ಬರೆದ.

ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಮೊದಲು ರಿಪೋರ್ಟಿನ ವಿಷಯ ಹೇಳಿದೆ. ದೇವರು ದೊಡ್ಡವನು ಎಂದರು. ಆಮೇಲೆ ಉಳಿದದ್ದನ್ನೂ ಹೇಳಿದೆ. ಖಡಕಿ, ಹೋಟೆಲು, ಕೋರ್ಟು, ಎಲ್ಲ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆಗುತ್ತಿರಲಿಲ್ಲ. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಫೋನ್ ಕಟ್ಟಾಯಿತೇನೋ ಎಂದುಕೊಂಡೆ.

"ಹಾಗಾದ್ರೆ ಆಸ್ಪತ್ರೆಗೆ ನಿನ್ನ ಜೊತೆ ಯಾರು ಬರ್ತಾರೆ?" ಎಂದರು ಕೊನೆಗೆ.

"ಈ ಸಲ ಲೀಲಕ್ಕ ಬಂದಿದ್ರು. ಮಾರ್ಚಲ್ಲಿ ನೀವು ಬನ್ನಿ ಅಪ್ಪಾ."

ಅಣ್ಣನ ಮನೆಯ ಟಿವಿ ಕೇಳಿಸುತ್ತಿತ್ತು.

"ಮಾರ್ಚಲ್ಲಿ ಅಲ್ಲಿ ಚಳಿ ಇರುತ್ತಾ?" ಎಂದರು.

"ಇರಲ್ಲ. ಬಿಸಿಲು. ಹತ್ತಿ ಪಂಚೆ ಸಾಕು" ಎಂದೆ.